ತಟ್ಟೆಯಂಚಿನ ತುತ್ತು

ಅಂಗಳಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದೆ. ಅರ್ಧ ಆಗಿತ್ತು, ಇನ್ನರ್ಧ ಉಳಿದಿತ್ತು. ಒಳಗಿನಿಂದ ಅತ್ತೆ ಕೂಗಿದರು, "ಬಂತು ಕಣೇ! ಬಕೆಟ್ಟು ಅಲ್ಲೇ ಇಟ್ಟು ಒಳಕ್ಕೆ ಬಾ, ಬಂತು!"

ಮೊನ್ನೆ ಸಂಜೆಯಿಂದ ಕಾಯುತ್ತಿದ್ದೆವು. ನನ್ನ ಗಂಡ ಬೆಟ್ಟಯ್ಯ ಮೊನ್ನೆ ಸಂಜೆ ಹಳ್ಳದ ಪೊದೆಯೊಳಗೆ ಅಲುಗಾಡುತ್ತಿದ್ದ ಹಂದಿಗೆ ಗುಂಡು ಹೊಡೆದಿದ್ದರು. ತಗುಲಿದ್ದು ಖಂಡಿತ, ಎಲೆಗಳ ಮೇಲೆ ರಕ್ತ ಇತ್ತಂತೆ. ಆದರೆ ಹಂದಿ ಬಿದ್ದಿದ್ದು ಕಾಣಲಿಲ್ಲ. ಹಾಗಾದಾಗ ನಮ್ಮೂರಿನಲ್ಲಿ ಏನು ಮಾಡುತ್ತಾರೋ ಇವರೂ ಅದನ್ನೇ ಮಾಡಿದರು. ಮನೆಗೆ ಬಂದು, ಕೋವಿಯನ್ನು ಗೂಟಕ್ಕೆ ಸಿಕ್ಕಿಸಿ, ಕೈಕಾಲು ತೊಳೆದು ಊಟಕ್ಕೆ ಕೂತರು. ಹಂದಿ ಎಲ್ಲೋ ಬಿದ್ದು ಸತ್ತಾಗ ಅದರ ಚಾಳಿ ತಾನಾಗಿ ಮನೆಗೆ ಬರುತ್ತದೆ. ಬಂದ ಮೇಲೆ ನಾಯಿಯನ್ನು ಕರೆದುಕೊಂಡು ಹೋಗಿ ಎತ್ತಿಕೊಂಡು ಬಂದರಾಯಿತು.

ಕೈ ಒರೆಸಿಕೊಂಡು ಒಳಗೆ ಹೋದೆ. ಅತ್ತೆ, ಇವರು, ನನ್ನ ಮಗಳು ಚೆಲುವಿ ಮೂವರೂ ತಂಗಳು ಮುದ್ದೆ, ಮಜ್ಜಿಗೆ ಹಾಕಿಸಿಕೊಂಡು ಕೂತಿದ್ದರು. ಮೂವರ ತಟ್ಟೆಯ ಅಂಚಿನಲ್ಲೂ ಒಂದೊಂದು ತುತ್ತು ಮುದ್ದೆ, ಮುರಿದು, ಉರುಟು ಮಾಡಿ, ಪಕ್ಕಕ್ಕೆ ಇಟ್ಟಿತ್ತು.

"ನೋಡು," ಅಂದರು ಅತ್ತೆ, ಗೆದ್ದವರ ಹಾಗೆ. "ಮೊದಲನೇ ತುತ್ತು ಬಾಯಿಗೆ ಹೋಗ್ತಾನೇ ಇಲ್ಲ. ಕೈ ತಾನೇ ತಗೊಂಡೋಗಿ ಅಂಚಿಗಿಡ್ತದೆ. ನೀನೂ ಒಂದ್ಸಲ ಮಾಡಿ ನೋಡು."

ನಾನೂ ಒಂದು ತಟ್ಟೆ ಹಾಕಿಕೊಂಡು ಕೂತೆ. ಮುದ್ದೆ ಮುರಿದೆ. ನನ್ನ ಕೈ ಬಾಯಿಯ ಕಡೆಗೆ ಬರದೆ ತಟ್ಟೆಯ ಅಂಚಿಗೆ ಹೋಯಿತು. ಎರಡನೇ ತುತ್ತು ಸರಿಯಾಗಿ ಬಾಯಿಗೆ ಬಂತು.

"ಹಂದಿ ಹಿಂಗೆ ಮಾಡ್ತದಾ ಅಜ್ಜಿ?" ಅಂದಳು ಚೆಲುವಿ.

"ಹಂದೀನಾ? ಹಂದಿ ತನ್ನ ಮುಂದಿರೋದನ್ನೂ ಬಿಡಲ್ಲ, ಪಕ್ಕದವರ ಮುಂದಿರೋದನ್ನೂ ಬಿಡಲ್ಲ, ನಿನ್ನ ದೊಡ್ಡಪ್ಪನ ತರ. ಇದು ಹಂದಿ ಅಲ್ಲ ಬಿಡು."

"ಕರಡಿ?"

"ಕರಡಿ ಆಗಿದ್ರೆ ನಿಮ್ಮಪ್ಪ ಇಷ್ಟೊತ್ತಿಗೆ ಕಂಬ ಹತ್ತಿರೋನು." ಅತ್ತೆ ಯೋಚನೆ ಮಾಡಿದರು. ಅವರಿಗೆ ಗೊತ್ತಿಲ್ಲದ ಪ್ರಾಣಿಯ ಚಾಳಿ ನಮ್ಮ ಸುತ್ತಿನ ಕಾಡಿನಲ್ಲಿ ಇರಲಿಲ್ಲ. "ಯಾವ ಮೃಗ ಹೇಳು, ಹಸಿದಿರುವಾಗ ಮೊದಲನೇ ತುತ್ತನ್ನೇ ತೆಗೆದಿಡೋದು?"

ನಮ್ಮೂರಿನಲ್ಲಿ ಹೀಗೇ. ಯಾವುದನ್ನು ಹೊಡೆದರೂ ಅದರ ಒಂದು ಚಾಳಿ ಹೊಡೆದವನ ಮನೆಗೆ ಬರುತ್ತದೆ. ಆ ಮನೆಮಂದಿಗೆಲ್ಲ ಹತ್ತುತ್ತದೆ. ಕಾಡುಕುರಿ ಹೊಡೆದರೆ ಮನೆಯವರೆಲ್ಲ ನೀರು ಕುಡಿಯುವ ಮುಂಚೆ ತಲೆ ಎತ್ತಿ ಆಚೆ ಈಚೆ ನೋಡುತ್ತಾರೆ. ಮೊಲ ಹೊಡೆದರೆ ಬಾಗಿಲಿಗೆ ಬೆನ್ನು ಹಾಕಿ ಕೂರಲಾಗುವುದಿಲ್ಲ. ಹಂದಿಯದು ಬೆನ್ನು ಉಜ್ಜುವ ಚಾಳಿ. ನಮ್ಮೂರಿನ ಎಲ್ಲ ಮನೆಗಳ ಕಂಬಗಳೂ ಸೊಂಟದ ಎತ್ತರದಲ್ಲಿ ಕನ್ನಡಿಯ ಹಾಗೆ ನುಣುಪಾಗಿವೆ. ಕೊಯ್ಲಿನ ಕಾಲದಲ್ಲಿ ಬೇಕೆಂದೇ ಕಾಡುಕೋಳಿ ಹೊಡೆಯುತ್ತಾರೆ, ಮನೆಮಂದಿಯೆಲ್ಲ ಬೆಳ್ಳಿ ಮೂಡುವ ಮುಂಚೆ ಏಳಲಿ ಅಂತ. ಮುಳ್ಳುಹಂದಿಯನ್ನು ಮಾತ್ರ ಹೊಸದಾಗಿ ಮದುವೆಯಾದವರ ಮನೆಯಲ್ಲಿ ಹೊಡೆಯುವುದಿಲ್ಲ, ಸಿಟ್ಟು ಬಂದಾಗಲೆಲ್ಲ ಇಬ್ಬರೂ ಹಿಂದು ಹಿಂದಕ್ಕೆ ನಡೆದುಕೊಂಡು ಬಂದು ಗುದ್ದಾಡುತ್ತಾರೆ. ಮಾಂಸವನ್ನು ಮನೆಮನೆಗೆ ಪಾಲು ಹಂಚಿದ ಹಾಗೆ ಚಾಳಿ ತೆಳುವಾಗುತ್ತ ಹೋಗಿ, ಕೊನೆಯ ಪಾಲು ಹೋದ ದಿನ ಬಿಟ್ಟುಹೋಗುತ್ತದೆ. ಹಾಗಾಗಿ ನಮ್ಮೂರಿನಲ್ಲಿ ಮಾಂಸ ಬಚ್ಚಿಡುವವರಿಲ್ಲ. ಹಿಂದೆ ಒಬ್ಬರು ಇಡೀ ಕಾಡುಕುರಿಯನ್ನು ಉಪ್ಪು ಹಚ್ಚಿ ಅಟ್ಟದಲ್ಲಿ ಒಣಗಿಸಿಟ್ಟರಂತೆ. ಒಂದು ವರ್ಷ ಅವರ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಒಂದು ಲೋಟ ನೀರು ಕುಡಿಯಲಿಲ್ಲ.

ಕೋವಿ ಇಲ್ಲದೆ ಬದುಕುತ್ತೇವೆ ಅನ್ನುವ ಹಾಗೂ ಇಲ್ಲ. ಉಪ್ಪು, ಸೀಮೆಎಣ್ಣೆ, ಕೋವಿಗೆ ಬೇಕಾದ ಮದ್ದು, ಇಷ್ಟು ಹೊರಗಿನಿಂದ ಬರುತ್ತದೆ. ಉಳಿದದ್ದೆಲ್ಲ ನಾವೇ ಬೆಳೆಯಬೇಕು, ನಾವೇ ಮಾಡಿಕೊಳ್ಳಬೇಕು. ರಾಗಿ ತೆನೆಗಟ್ಟಿದಾಗ ಹಂದಿಯ ಹಿಂಡು ಒಂದು ಸಲ ನುಗ್ಗಿದರೆ ವರ್ಷದ ಊಟ ಹೋಯಿತು. ಒನಕೆ, ಕುಡುಗೋಲು ಇದ್ದ ಹಾಗೆ ಕೋವಿಯೂ ಒಂದು ಸಾಮಾನು. ಹಬ್ಬಕ್ಕೆ ಮುಂಚೆ ಹಿತ್ತಾಳೆ ಪಾತ್ರೆ ಬೆಳಗುವಾಗ ನಾನೇ ಅದಕ್ಕೂ ಹರಳೆಣ್ಣೆ ಹಚ್ಚಿ ಒರೆಸುತ್ತೇನೆ.

ಕಾಯುವ ಪದ್ಧತಿ ಬಂದದ್ದೂ ಸುಮ್ಮನೆ ಅಲ್ಲ. ಗಾಯಗೊಂಡ ಹಂದಿಯ ಬೆನ್ನು ಹತ್ತಿ ಪೊದೆಗೆ ನುಗ್ಗಿದವರು ತೊಡೆ ಸೀಳಿಸಿಕೊಂಡು ಸತ್ತಿದ್ದಾರೆ. ಇವರ ದೊಡ್ಡಪ್ಪನ ಮಗನೇ ಹಾಗೆ ಹೋದವನು. ಮನೆಯಲ್ಲಿ ಕೂತಿದ್ದರೆ ಸತ್ತ ಸುದ್ದಿ ತಾನಾಗಿ ಬರುತ್ತದೆ. ಬರದಿದ್ದರೆ ಪ್ರಾಣಿ ಬದುಕಿಕೊಂಡಿತು ಅಂತ ಲೆಕ್ಕ, ಅದಕ್ಕೂ ಒಳ್ಳೆಯದೇ ಆಯಿತು. ಅವಸರ ಮಾಡಿದವನನ್ನು ನಮ್ಮಲ್ಲಿ ಶೂರ ಅನ್ನುವುದಿಲ್ಲ, ತಾಯಿ ಬುದ್ಧಿ ಹೇಳಿಲ್ಲ ಅನ್ನುತ್ತಾರೆ.

ಅಂಚಿಗಿಟ್ಟ ತುತ್ತನ್ನು ನೋಡುತ್ತ ಕೂತಿದ್ದೆ. ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಹೋದ ಸುಗ್ಗಿಯಲ್ಲಿ ನಮ್ಮ ಹುರುಳಿ ಬಡಿಯುವುದಕ್ಕೆ ಮುಯ್ಯಾಳಾಗಿ ಬಂದವರಿಗೆ ನಾನೇ ಬಡಿಸಿದ್ದೆ. ಸಾಲಿನ ಕೊನೆಯಲ್ಲಿ ಕೂತಿದ್ದ ಹಗ್ಗದ ಜವರಪ್ಪ ಮೊದಲನೇ ತುತ್ತನ್ನು ಮುರಿದು, ಉರುಟು ಮಾಡಿ, ಎಲೆಯ ಅಂಚಿಗೆ ಇಟ್ಟಿದ್ದ. ಏನು, ಮುದ್ದೆ ಬೆಂದಿಲ್ಲವಾ ಅಂತ ಕೇಳಿದ್ದೆ. ಇಲ್ಲ ಅಕ್ಕಾ, ರೂಢಿ ಅಂದಿದ್ದ.

ಜವರಪ್ಪ ಕತ್ತಾಳೆ ಪಟ್ಟೆಗಳನ್ನು ಹಳ್ಳದಲ್ಲಿ ನೆನೆಹಾಕಿ, ನಾರು ಬಿಡಿಸಿ, ಹಗ್ಗ ಹೊಸೆಯುವವನು. ನಮ್ಮಿಂದ ಮೂರು ಮನೆ ಆಚೆ. ಸಂಜೆಯ ಹೊತ್ತು ಹಳ್ಳದ ಪೊದೆಯೊಳಗೆ ಬಗ್ಗಿಕೊಂಡು ಏನನ್ನಾದರೂ ಎಳೆಯುವವನು ಊರಿನಲ್ಲಿ ಅವನೊಬ್ಬನೇ. ಹೆಂಡತಿ ನಂಜವ್ವ ಬೆಟ್ಟದಾಚೆ ಅಕ್ಕನ ಮಗಳ ಬಾಣಂತನಕ್ಕೆ ಹೋಗಿದ್ದಳು. ಅವನು ಮನೆಗೆ ಬರಲಿಲ್ಲ ಅಂತ ಕೇಳುವವರು ಯಾರೂ ಇರಲಿಲ್ಲ.

"ಜವರಪ್ಪ," ಅಂದೆ.

ಇವರು ಎದ್ದು ನಾಯಿಯನ್ನು ಕರೆದುಕೊಂಡು ಹೋದರು. ಅತ್ತೆ ಎದ್ದು ಹೋಗಿ ಒಲೆಯ ಮುಂದೆ ಕೂತರು, ಒಲೆ ಆರಿತ್ತು. ನಾನು ಅಂಗಳಕ್ಕೆ ಹೋಗಿ ಉಳಿದರ್ಧಕ್ಕೆ ಸಗಣಿ ನೀರು ಚಿಮುಕಿಸಿದೆ, ಅದೊಂದು ಬಾಕಿ ಇತ್ತು.

ಬಿಸಿಲೇರಿದ ಮೇಲೆ ಇವರು ಬಂದರು. ಹಿತ್ತಿಲಿನಲ್ಲಿ ನನ್ನನ್ನು ಕರೆದು ಒಂದೇ ಸಲ ಹೇಳಿದರು, ಆಮೇಲೆ ಯಾವತ್ತೂ ಹೇಳಲಿಲ್ಲ. "ಹೊಡೆದ ಜಾಗದಲ್ಲಿ ಇರಲಿಲ್ಲ. ನೀರಿನ ಅಂಚಿನ ಕಲ್ಲಿನ ತನಕ ತೆವಳಿಕೊಂಡು ಹೋಗಿದ್ದ. ತೊಡೆಗೆ ಟವೆಲು ಬಿಗಿದುಕೊಂಡಿದ್ದ. ಅದನ್ನ ಬಿಚ್ಕೊಂಡು ಬಂದೆ." ಟವೆಲನ್ನು ನನ್ನ ಕೈಗೆ ಕೊಟ್ಟರು. ಅದನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ತಿರುಗಿ ನೋಡಿದರೆ ಚೆಲುವಿ ಸೀಗೆ ಮೆಳೆಯ ಪಕ್ಕ ನಿಂತಿದ್ದಳು. ಏನು ಬೇಕು ಪುಟ್ಟಾ ಅಂದೆ. ಏನೂ ಬೇಡ ಅಂದಳು.

ಊರಿನವರು ಬಂದರು. ಮಣ್ಣು ಮಾಡಿದರು. ನಮ್ಮೂರಿಗೆ ಪೊಲೀಸರು ಬರಬೇಕಾದರೆ ನಾವೇ ಹೋಗಿ ದಾರಿ ತೋರಿಸಿ ಕರೆತರಬೇಕು. ನಾನೇ ಹೋಗಿ ಕರೆತರುತ್ತೇನೆ ಅಂತ ಇವರು ಹೊರಟರು. ಹಿರಿಯರು ಕೂರಿಸಿದರು. "ಮೊದಲು ನಂಜವ್ವ ಬರಲಿ, ನಿನ್ನ ಏನ್ ಮಾಡಬೇಕು ಅನ್ನೋದು ಅವಳ ಮಾತು," ಅಂದರು. ಇವರು ಕೋವಿಯನ್ನು ಗೂಟದಿಂದ ತೆಗೆದು ಅಟ್ಟದ ಮೇಲೆ ಹಳೇ ಚಾಪೆಯೊಳಗೆ ಸುತ್ತಿಟ್ಟರು.

ನಂಜವ್ವ ಬಂದ ದಿನ ಇವರು ಊರ ಬಾಗಿಲಿನಲ್ಲೇ ಎದುರಾದರು. ಹಿಂದೆ ಅತ್ತೆ, ನಾನು, ನನ್ನ ಸೆರಗು ಹಿಡಿದ ಚೆಲುವಿ, ಅರ್ಧ ಬೀದಿ. ನಂಜವ್ವನ ತಲೆಯ ಮೇಲೆ ಬಾಣಂತಿ ಮನೆಯವರು ಕೊಟ್ಟ ಗಂಟಿತ್ತು.

"ನಂಜವ್ವ, ನಿನ್ನ ಗಂಡನ್ನ ನಾನು ಹೊಡೆದುಬಿಟ್ಟೆ. ಹಂದಿ ಅಂದ್ಕೊಂಡೆ."

ಅವಳು ಗಂಟು ಇಳಿಸಿದಳು. ಗಂಟು ಒಂದು ಕಡೆ ವಾಲಿತು, ಅದನ್ನು ಸರಿಮಾಡಿ ನಿಲ್ಲಿಸಿದಳು. "ಸತ್ನಾ?"

"ಹೂಂ."

ಗಂಟಿನ ಕಟ್ಟು ಬಿಗಿದಳು. ಆಮೇಲೆ ಕೇಳಿದಳು, "ನೋವಾಯ್ತಾ ಅವನಿಗೆ?"

ಇವರು ಎಲ್ಲ ಮಾತಿಗೂ ತಯಾರಾಗಿ ನಿಂತಿದ್ದರು, ಬೈದರೆ ಬೈಸಿಕೊಳ್ಳುವುದಕ್ಕೆ, ಹೊಡೆದರೆ ಹೊಡೆಸಿಕೊಳ್ಳುವುದಕ್ಕೆ. ಈ ಮಾತಿಗೆ ತಯಾರಿರಲಿಲ್ಲ. ಅತ್ತೆ ಮುಂದೆ ಬಂದರು.

"ಎಲ್ಲಿ ನೋವು ತಾಯೀ? ಗುಂಡಿನ ಸದ್ದೂ ಅವನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಒಂದೇ ಏಟು. ಆ ಗಳಿಗೇಲೇ ಚಾಳಿ ಬಂತು ಮನೆಗೆ, ಇವನಿನ್ನೂ ಕೋವಿ ಕೆಳಗಿಳಿಸಿರಲಿಲ್ಲ."

ಅತ್ತೆ ಚಾಳಿ ಬರುವ ಹಿಂದಿನ ಇಡೀ ಹಗಲು ಜಗುಲಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ನಮ್ಮ ಹುಡುಗ ಹಂದಿ ಹೊಡೆದಿದ್ದಾನೆ, ಇನ್ನೂ ಚಾಳಿ ಬಂದಿಲ್ಲ, ಕಾಯ್ತಾ ಇದೀವಿ ಅಂತ ಹೇಳಿದ್ದರು. ಆ ಬೀದಿಯಲ್ಲಿ ಅದನ್ನು ಕೇಳದವರಿರಲಿಲ್ಲ. ಅವರೆಲ್ಲ ಅಲ್ಲೇ ನಿಂತಿದ್ದರು. ಎಲ್ಲರೂ ತಲೆ ಆಡಿಸಿದರು. "ಹೌದೌದು, ಒಂದೇ ಏಟು," ಅಂದರು. "ಪುಣ್ಯವಂತ, ಒದ್ದಾಡಲಿಲ್ಲ," ಅಂದರು. ಹೀಗೆ ಅದು ಊರಿನ ಮಾತಾಯಿತು.

ನಂಜವ್ವ ಮೂಗೊರೆಸಿಕೊಂಡಳು. "ಒಳ್ಳೇದಾಯ್ತು. ಅವನಿಗೆ ಮುಳ್ಳು ಚುಚ್ಚಿದ್ರೂ ದಿನವೆಲ್ಲ ನರಳ್ತಿದ್ದ. ತಡ್ಕೊಳ್ಳೋ ಜೀವ ಅಲ್ಲ ಅದು." ಆಮೇಲೆ ಇವರ ಕಡೆ ತಿರುಗಿ, "ನಿನ್ನ ಹಿಡಿದುಕೊಟ್ರೆ ನಿನ್ನ ಹೊಲ ಯಾರು ಉಳ್ತಾರೆ, ಈ ಮಗೂಗೆ ಯಾರು ಹಾಕ್ತಾರೆ? ನಡಿ," ಅಂದಳು. ನಾಲ್ಕು ಹೆಜ್ಜೆ ಹೋದ ಮೇಲೆ ನಿಂತಳು. "ಯಾವ ಚಾಳಿ ಬಂತು?"

ಹೇಳಿದೆವು. ಅವಳು ಅಲ್ಲೇ ಊರ ಬಾಗಿಲ ಕಲ್ಲಿನ ಮೇಲೆ ಕೂತು ಆಗ ಅತ್ತಳು.

"ಅದು ನನ್ನ ತುತ್ತು ಕಣಕ್ಕಾ," ಅಂದಳು ನನಗೆ. "ಮದುವೆಯಾದ ಹೊಸತು. ಗಂಡಸರು ಉಂಡೆದ್ದ ಮೇಲೆ ಮಡಕೇಲಿ ಏನೂ ಇರ್ತಿರಲಿಲ್ಲ. ಹೇಳೋಕೆ ನಾಚಿಕೆ, ನೀರು ಕುಡಿದು ಮಲಗ್ತಿದ್ದೆ. ಹೆಂಗೋ ಗೊತ್ತಾಯ್ತು ಅವನಿಗೆ. ಅವತ್ತಿಂದ ಮೊದಲನೇ ತುತ್ತು ಅಂಚಿಗಿಡೋನು. ಮಡಕೆ ತುಂಬಿರೋ ದಿನಾನೂ ಇಡೋನು. ಬಿಡೋ ಮಾರಾಯ, ಈಗ ನಂಗೆ ಇದೆ ಅಂದ್ರೂ ಕೇಳ್ತಿರಲಿಲ್ಲ." ಕಣ್ಣೊರೆಸಿಕೊಂಡು ಕೇಳಿದಳು, "ನಾನೊಂದ್ಸಲ ನೋಡ್ಲಾ?"

ಅವಳನ್ನು ಮನೆಗೆ ಕರೆದುಕೊಂಡು ಬಂದೆ. ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದೆ. ನಾಲ್ಕು ತಟ್ಟೆ, ನಾಲ್ಕು ಅಂಚು, ನಾಲ್ಕು ತುತ್ತು. ನಾವು ಯಾರೂ ತಲೆ ಎತ್ತಲಿಲ್ಲ. ನಂಜವ್ವ ಗೋಡೆಗೊರಗಿ ನೋಡುತ್ತಿದ್ದಳು. ಆಮೇಲೆ ಮುಂದಕ್ಕೆ ಬಗ್ಗಿ ಇವರ ತಟ್ಟೆಯ ತುತ್ತನ್ನು ತೆಗೆದುಕೊಂಡಳು, ಅತ್ತೆಯದನ್ನು ತೆಗೆದುಕೊಂಡಳು, ನನ್ನದು, ಕೊನೆಗೆ ಚೆಲುವಿಯದು. ಒಂದೊಂದಾಗಿ ನುಂಗಿದಳು.

"ಸಾರಿಗೆ ಉಪ್ಪು ಕಮ್ಮಿ," ಅಂದಳು.

ಮಾರನೆಯ ದಿನವೂ ಊಟದ ಹೊತ್ತಿಗೆ ಬಂದಳು. ಒಂದು ಬಟ್ಟಲು ಉಪ್ಪು ತಂದಿದ್ದಳು. ಆಮೇಲೆ ದಿನಾ ಬರತೊಡಗಿದಳು. ಮೊದಮೊದಲು ಅವಳು ಬರುವ ಹೊತ್ತಿಗೆ ಇವರಿಗೆ ಏನಾದರೂ ಕೆಲಸ ನೆನಪಾಗುತ್ತಿತ್ತು, ಬೇಲಿ, ಎತ್ತಿನ ಲಾಳ. ನಂಜವ್ವ ಬಾಗಿಲಲ್ಲೇ ತಡೆದಳು. "ಎಲ್ಲಿಗೆ ಹೋಗ್ತೀಯಾ? ಒಂದು ತುತ್ತು ಕಮ್ಮಿ ಆಗ್ತದೆ ನಂಗೆ. ಕೂತ್ಕೋ." ಕೂತರು. ಎಲ್ಲದಕ್ಕೂ ಒಗ್ಗಿಕೊಳ್ಳುತ್ತದೆ ಮನುಷ್ಯನ ಜೀವ. ನಾನು ಅವಳಿಗೂ ಒಂದು ತಟ್ಟೆ ಇಡತೊಡಗಿದೆ, ನಾಲ್ಕು ತುತ್ತಿನಲ್ಲಿ ಹೊಟ್ಟೆ ತುಂಬುತ್ತದಾ? ಅವಳು ಇವರ ತುತ್ತು ನೋಡಿ ನಗುತ್ತಿದ್ದಳು. "ಏನೋ ಇದು, ಎಮ್ಮೆಗಿಟ್ಟ ಹಂಗೆ! ಅವನು ಇಷ್ಟು ದೊಡ್ಡದು ಇಟ್ಟೋನೇ ಅಲ್ಲ, ಜಿಪುಣ." ಅತ್ತೆಯ ತುತ್ತು ಚಿಕ್ಕದಾದರೆ, "ಅಜ್ಜೀ, ಇದು ಇರುವೆಗಾ ನನಗಾ?" ಅನ್ನುವಳು. ಅತ್ತೆ, "ನನಗೆ ಹಲ್ಲಿಲ್ಲ ಕಣೇ ಮೂದೇವಿ, ನನ್ನ ತುತ್ತೇ ಅಷ್ಟು," ಅನ್ನುವರು. ಮಧ್ಯಾಹ್ನ ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ಅವರೆ ಸುಲಿಯುತ್ತಿದ್ದರು.

ಚಾಳಿ ಹೋಗಲಿಲ್ಲ. ಹಂಚುವುದಕ್ಕೆ ಏನೂ ಇರಲಿಲ್ಲವಲ್ಲ. ಹೋಗಲಿ ಅಂತ ನಾವು ಯಾರೂ ಬಯಸಲೂ ಇಲ್ಲ.

ಪ್ರತಿ ದಿನ ಕೊನೆಯ ತುತ್ತು ನುಂಗಿ ನೀರು ಕುಡಿದ ಮೇಲೆ ನಂಜವ್ವ ಒಂದೇ ಮಾತು ಹೇಳುವಳು. "ಪಾಪ, ಗೊತ್ತಾಗ್ಲೇ ಇಲ್ಲವಲ್ಲ ಅವನಿಗೆ. ಅಷ್ಟು ಸಾಕು." ನಾವು ಹೂಂ ಅನ್ನುತ್ತಿದ್ದೆವು. ಆ ಒಂದು ಮಾತಿನ ಮೇಲೆ ಅವಳು ನಿಂತಿದ್ದಾಳೆ ಅಂತ ನನಗೆ ಗೊತ್ತಿತ್ತು. ರಾತ್ರಿ ಮಲಗುತ್ತಿದ್ದದ್ದು ಅದರ ಮೇಲೆ, ಬೆಳಿಗ್ಗೆ ಎದ್ದು ಒಬ್ಬಳೇ ಹಳ್ಳಕ್ಕೆ ಹೋಗಿ ಕತ್ತಾಳೆ ನಾರು ಬಡಿದು ಹಗ್ಗ ಹೊಸೆಯುತ್ತಿದ್ದದ್ದೂ ಅದರ ಮೇಲೆ. ನೀರಿನ ಅಂಚಿನ ಆ ಕಲ್ಲಿನ ಮೇಲೇ ಕೂತು ಕೆಲಸ ಮಾಡುತ್ತಿದ್ದಳು, ತಂಪಾಗಿದೆ ಅಂತ.

ಚೆಲುವಿಗೆ ಏಳು ವರ್ಷ. ಅವಳೂ ಊಟಕ್ಕೆ ಕೂರುತ್ತಿದ್ದಳು, ಆ ಮಾತನ್ನು ದಿನಾ ಕೇಳುತ್ತಿದ್ದಳು. ಅವಳು ಹೂಂ ಅನ್ನುತ್ತಿರಲಿಲ್ಲ. ಸಂಜೆ ನಾನು ತಲೆ ಬಾಚುವಾಗ, "ಅವ್ವಾ, ಒಂದು ಕೇಳ್ಲಾ?" ಅನ್ನುವಳು.

"ಕೇಳು ಬಂಗಾರ. ಮೊದಲು ಕೋಳಿ ಗೂಡು ಮುಚ್ಚಿ ಬಾ."

ಹೋಗಿ ಮುಚ್ಚಿ ಬರುವಳು. ಬಂದು ನನ್ನ ಮುಖ ನೋಡುವಳು. "ಕೋಳಿಗೆ ಕಿವಿ ಎಲ್ಲಿರ್ತದೆ?" ಅನ್ನುವಳು.

ಆಗ ನನಗೆ ಎಷ್ಟು ಹಗುರಾಗುತ್ತಿತ್ತು ಅಂದರೆ, ಕೋಳಿಯ ಕಿವಿಯ ಬಗ್ಗೆ ನನಗೆ ಗೊತ್ತಿದ್ದದ್ದು, ಗೊತ್ತಿಲ್ಲದ್ದು ಎಲ್ಲ ಹೇಳುತ್ತಿದ್ದೆ. ಇನ್ನೊಂದು ದಿನ, "ಅವ್ವಾ, ಒಂದು ಕೇಳ್ಲಾ?" ಅನ್ನುವಳು. "ಕೇಳು, ಆ ಬಿಂದಿಗೆ ತಂದುಕೊಟ್ಟು ಕೇಳು." ತಂದುಕೊಟ್ಟು, "ಮೀನು ನಿದ್ದೆ ಮಾಡ್ತದಾ?" ಅನ್ನುವಳು. ಅವಳು ಕೇಳಬೇಕೆಂದಿದ್ದು ಮೀನಿನ ವಿಷಯ ಅಲ್ಲ ಅಂತ ನನಗೂ ಗೊತ್ತಿತ್ತು, ನನಗೆ ಗೊತ್ತಿದೆ ಅಂತ ಅವಳಿಗೂ ಗೊತ್ತಿತ್ತು. ನನ್ನ ಮೇಲೆ ದಯೆ ತೋರಿಸುವುದನ್ನು ಮಗು ಕಲಿಯುತ್ತಿತ್ತು. ಅದು ನನಗೆ ಬೇಕಾಗಿಯೂ ಇತ್ತು, ಬೇಡವಾಗಿಯೂ ಇತ್ತು.

ರಾಗಿ ತೆನೆಗಟ್ಟಿತು. ಹಂದಿಗಳು ಇಳಿದವು. ಊರಿನ ಬೇರೆ ಕೋವಿಗಳು ತಮ್ಮ ತಮ್ಮ ಹೊಲ ಕಾದವು, ನಮ್ಮದು ಅಟ್ಟದಲ್ಲಿತ್ತು. ಇವರು ಹೊಲದ ನಾಲ್ಕು ಮೂಲೆಯಲ್ಲಿ ಡಬ್ಬ ಕಟ್ಟಿ ಬಡಿದರು. ಹಂದಿಗಳು ಡಬ್ಬದ ಸದ್ದಿಗೆ ಎರಡು ದಿನ ಹೆದರಿದವು, ಮೂರನೆಯ ದಿನ ಡಬ್ಬದ ಕೆಳಗೇ ಮೇಯ್ದವು. ಮೂಲೆಯ ಮೂರು ಸಾಲು ಹೋಯಿತು, ಆಮೇಲೆ ಬದುವಿನ ಪಕ್ಕದ್ದೆಲ್ಲ ಹೋಯಿತು. ಅತ್ತೆ ಬಯ್ದು ಬಯ್ದು ಸಾಕಾಗಿ, ಹಂದಿಗಳಿಗೇ ನ್ಯಾಯ ಹೇಳತೊಡಗಿದರು.

ಕೊನೆಗೆ ನಂಜವ್ವನೇ ಒಂದು ಸಂಜೆ ಊಟ ಮುಗಿಸಿ ಅಟ್ಟ ಹತ್ತಿದಳು. ಚಾಪೆ ಬಿಚ್ಚಿ ಕೋವಿ ತೆಗೆದು ತಂದು ಇವರ ಮುಂದಿಟ್ಟಳು.

"ತಗೋ. ಈ ವರ್ಷ ನಿನ್ನ ರಾಗಿ ಹಂದಿ ತಿಂದ್ರೆ ನೀನು ಏನಿಡ್ತೀಯಾ ಅಂಚಿಗೆ? ಮಣ್ಣಾ?"

"ನನ್ನ ಕೈಲಾಗಲ್ಲ ನಂಜವ್ವ."

"ನನ್ನ ಗಂಡನ್ನ ಹೊಡೆಯೋಕಾಯ್ತು, ಹಂದಿ ಹೊಡೆಯೋಕಾಗಲ್ವಾ?" ಅಂದಳು. ತಮಾಷೆಗೇ ಅಂದಳು, ಆದರೆ ಯಾರಿಗೂ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ. ಮೆತ್ತಗೆ ಹೇಳಿದಳು, "ಬೆಳಕು ಹರಿದ ಮೇಲೆ ಹೋಗು. ಕಣ್ಣಿಗೆ ಪೂರ್ತಿ ಕಂಡ ಮೇಲೆ ಹೊಡಿ. ಕಾಣದಿದ್ರೆ ಹೊಡೀಬೇಡ. ಅಷ್ಟೇ. ಒಬ್ಬ ಹೋದದ್ದಕ್ಕೆ ಐದು ಜನ ಉಪವಾಸ ಬೀಳೋದು ಬೇಡ."

ಐದು ಜನ ಅಂದಳು. ತನ್ನನ್ನೂ ಸೇರಿಸಿ ಎಣಿಸಿದ್ದಳು.

ಮಾರನೆಯ ಬೆಳಿಗ್ಗೆ ಇವರು ಕೋವಿ ತೆಗೆದುಕೊಂಡು ಹೋದರು. ನಂಜವ್ವ ಅವತ್ತು ಬೆಳಗಿನ ಊಟಕ್ಕೇ ಬಂದಿದ್ದಳು, ಇವರನ್ನು ಕಳಿಸಿದ್ದು ತಾನಾದ್ದರಿಂದ ಕಾಯುವುದೂ ತನ್ನ ಕೆಲಸ ಅಂತ. ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಹೊಲದ ಕಡೆಯಿಂದ ಒಂದು ಗುಂಡಿನ ಸದ್ದು ಕೇಳಿತು. ಅತ್ತೆ ಕೈ ಮುಗಿದರು. ನಾನು ಮುದ್ದೆ ತಿರುವುತ್ತಿದ್ದೆ, ತಿರುವುತ್ತಲೇ ಇದ್ದೆ.

ಸ್ವಲ್ಪ ಹೊತ್ತಿಗೆ ಇವರು ಅಂಗಳಕ್ಕೆ ಬಂದರು. ಬೆವರಿದ್ದರು. "ಹಂದೀನೇ. ಪೂರ್ತಿ ಕಂಡ ಮೇಲೆ ಹೊಡೆದೆ. ಹಿಂದಿನ ಕಾಲಿಗೆ ತಗುಲ್ತು. ಹಳ್ಳದ ಕಡೆ ಓಡ್ತು, ರಕ್ತ ಇದೆ."

"ಶಿವ ದೊಡ್ಡೋನು," ಅಂದರು ಅತ್ತೆ. "ಕೈಕಾಲು ತೊಳ್ಕೊ. ಮುದ್ದೆ ಬಿಸಿಯಾಗಿದೆ, ಕೂತ್ಕೊ."

ಇವರು ಕೂರಲಿಲ್ಲ. ಕೈಯನ್ನೂ ತೊಳೆಯಲಿಲ್ಲ. ಸೂರಿಗೆ ಸಿಕ್ಕಿಸಿದ್ದ ಮಚ್ಚು ತೆಗೆದುಕೊಂಡರು. ನಾಯಿಗೆ ಶಿಳ್ಳೆ ಹೊಡೆದರು.

"ಎಲ್ಲಿಗೋ?"

"ಹುಡುಕೋಕೆ."

"ಚಾಳಿ ಎಲ್ಲೋ ಬಂದಿದೆ? ತಲೆ ಕೆಟ್ಟಿದೆಯಾ? ಗಾಯ ಆದ ಹಂದಿ ಕಣೋ! ನಿನ್ನ ದೊಡ್ಡಪ್ಪನ ಮಗನ ಗತಿ ಮರೆತೆಯಾ?"

ನಂಜವ್ವನೂ ಜಗುಲಿಗೆ ಬಂದಳು. "ಕೂತ್ಕೋ ಬೆಟ್ಟಯ್ಯ. ಊರಲ್ಲಿಲ್ಲದ ಪದ್ಧತಿ ನಿಂದೊಂದು. ಇವತ್ತಲ್ಲ ನಾಳೆ ಅದೇ ಬರ್ತದೆ ಮನೆಗೆ. ಅಲ್ಲೀ ತನಕ ಎರಡು ತುತ್ತು ಉಣ್ಣು."

ಇವರು ಬೇಲಿಯ ದಡಿ ಸರಿಸುತ್ತ, ತಿರುಗದೆ ಹೇಳಿದರು, "ನನಗೆ ಕಾಯೋಕಾಗಲ್ಲ ನಂಜವ್ವ." ನಾಯಿಯ ಹಿಂದೆ ಇಳಿಜಾರಿನಲ್ಲಿ ಇಳಿದುಹೋದರು. ಅರ್ಧ ನಡೆಯುತ್ತಿದ್ದರು, ಅರ್ಧ ಓಡುತ್ತಿದ್ದರು.

ನಂಜವ್ವ ಒಳಗೆ ಬಂದು ಕೂತಳು. ನಾನು ಬಡಿಸಿದೆ. ಅತ್ತೆ ಕೂತರು, ಚೆಲುವಿ ಕೂತಳು, ನಾನೂ ಕೂತೆ. ನಮ್ಮ ಮೂವರ ಕೈಗಳೂ ಮೊದಲನೇ ತುತ್ತನ್ನು ಮುರಿದು, ಉರುಟು ಮಾಡಿ, ಅಂಚಿಗಿಟ್ಟವು.

"ಏನಾಗಿದೆಯೇ ಇವನಿಗೆ?" ಅಂದಳು ನಂಜವ್ವ ನನಗೆ. "ಮೊದಲು ಹಿಂಗಿರಲಿಲ್ಲ. ಒಂದು ಹಂದಿಗೋಸ್ಕರ ಯಾರಾದ್ರೂ ಹಿಂಗೆ ಓಡ್ತಾರಾ? ಕಾಯೋಕೆ ಏನು ಕಷ್ಟ ಹೇಳು."

ನಾನು ಸಾರಿನ ಸೌಟು ತೆಗೆದುಕೊಂಡೆ. ಎಲ್ಲರ ತಟ್ಟೆಯಲ್ಲೂ ಸಾರಿತ್ತು. ಸೌಟು ಕೆಳಗಿಟ್ಟೆ. ಅತ್ತೆ ತಮ್ಮ ಮಜ್ಜಿಗೆಯನ್ನು ಬೆರಳಿನಿಂದ ಕಲಕುತ್ತಿದ್ದರು. ನಂಜವ್ವ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಅವಳ ಕೈ ಅಭ್ಯಾಸದಂತೆ ಚೆಲುವಿಯ ತಟ್ಟೆಯ ಅಂಚಿಗೆ ಹೋಗಿತ್ತು, ತುತ್ತನ್ನು ಮುಟ್ಟಿ ಅಲ್ಲೇ ನಿಂತಿತು.

"ಅವ್ವಾ," ಅಂದಳು ಚೆಲುವಿ. "ಒಂದು ಕೇಳ್ಲಾ?"

ಅವಳಿಗೆ ಹೇಳುವುದಕ್ಕೆ ಒಂದು ಕೆಲಸ ಹುಡುಕಿದೆ. ನೀರು ತುಂಬಿತ್ತು. ಕೋಳಿಗಳು ಆಚೆ ಹೋಗಿದ್ದವು. ಒಲೆ ಉರಿಯುತ್ತಿತ್ತು, ಸೌದೆ ಪಕ್ಕದಲ್ಲೇ ಇತ್ತು. ಕಿಟಕಿಯಲ್ಲಿ ಇಳಿಜಾರು ಕಾಣುತ್ತಿತ್ತು, ಇವರು ಆಗಲೇ ಹಳ್ಳದ ಪೊದೆಯ ಹತ್ತಿರ ಹೋಗಿ ಬಗ್ಗಿ ಎಲೆಗಳನ್ನು ನೋಡುತ್ತಿದ್ದರು.

"ಕೇಳು ಮಗಳೇ," ಅಂದೆ.

ಚೆಲುವಿ ನನ್ನ ಕಡೆ ನೋಡಲಿಲ್ಲ. ನಂಜವ್ವನ ಕೈಯನ್ನೇ ನೋಡುತ್ತ ಕೇಳಿದಳು.

"ಆವತ್ತೂ ಅಪ್ಪ ಕಾಯದೆ ಹಿಂಗೇ ಹೋ‌ಗಿದ್ರೆ ಜವರಪ್ಪಮಾಮ ಬದುಕಿರ್ತಿದ್ನಾ?"